ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಇಳಿದಿದ್ದು ಯಾಕೆ?

ಪ್ರಶ್ನೆ: ನನಗೀಗ ಆರು ತಿಂಗಳು. ಮೂರನೇ ತಿಂಗಳಲ್ಲಿ ಹಿಮೋಗ್ಲೋಬಿನ್ 12.2 ಇತ್ತು, ಮೊನ್ನೆ 10.8 ಬಂದಿದೆ. ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ರಿಪೋರ್ಟಿನಲ್ಲಿ ಇನ್ನೂ ನಾಲ್ಕು ಕಡೆ ದಪ್ಪಕ್ಷರ ಇದೆ. ಅತ್ತೆ ಗಾಬರಿಯಾಗಿದ್ದಾರೆ. (ಗೋಣಿಕೊಪ್ಪದ ಓದುಗರು)

ಉತ್ತರ: ಮೊದಲು ಅತ್ತೆಯವರಿಗೆ ಹೇಳಿ, ರಕ್ತ ಕಮ್ಮಿಯಾಗಿಲ್ಲ. ಜಾಸ್ತಿಯೇ ಆಗಿದೆ, ತೆಳುವಾಗಿದೆ ಅಷ್ಟೇ.

ಬಸುರಿಯ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಎಂಟನೇ ತಿಂಗಳ ಹೊತ್ತಿಗೆ ಶೇ. 40ರಿಂದ 50ರಷ್ಟು ಏರುತ್ತದೆ. ಕೆಂಪು ಕಣಗಳೂ ಏರುತ್ತವೆ, ಆದರೆ ಶೇ. 20-30 ಮಾತ್ರ. ನೆಂಟರು ಬಂದರು ಅಂತ ಸಾರಿಗೆ ನಾಲ್ಕು ಲೋಟ ನೀರು ಹೊಯ್ದು ಬೇಳೆ ಮಾತ್ರ ಒಂದೇ ಹಿಡಿ ಸೇರಿಸಿದರೆ ಏನಾಗುತ್ತದೆ? ಪಾತ್ರೆಯಲ್ಲಿ ಬೇಳೆ ಮುಂಚಿಗಿಂತ ಜಾಸ್ತಿಯೇ ಇರುತ್ತದೆ, ಸೌಟಿಗೆ ಬರುವುದು ಕಮ್ಮಿ. ಲ್ಯಾಬಿನವರು ನೋಡುವುದು ಆ ಒಂದು ಸೌಟನ್ನು. ಇದರಿಂದ ಲಾಭವೂ ಇದೆ. ತೆಳು ರಕ್ತ ಮಾಸುವಿನೊಳಗೆ ಸಲೀಸಾಗಿ ಹರಿಯುತ್ತದೆ, ಹೆರಿಗೆಯಲ್ಲಿ ಅರ್ಧ ಲೀಟರ್ ಹೋದರೂ ಮೈ ತಡೆದುಕೊಳ್ಳುತ್ತದೆ.

ಹಾಗಂತ 10.8 ಅನ್ನು ಸುಮ್ನೆ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ನಡುವಿನ ಮೂರು ತಿಂಗಳಿಗೆ 10.5ರ ಗೆರೆ ಹಾಕಿದೆ, ನಮ್ಮಲ್ಲಿ ಸಾಮಾನ್ಯವಾಗಿ ಒಂಬತ್ತು ತಿಂಗಳಿಗೂ 11 ಅಂತಲೇ ಲೆಕ್ಕ. ಅದಕ್ಕೇ ತಾಯಿ ಕಾರ್ಡಿನಲ್ಲಿ ರಕ್ತಹೀನತೆ ಅಂತ ಬರೆದಿರಬಹುದು. ರಿಪೋರ್ಟಿನಲ್ಲಿ ಎಂಸಿವಿ ಅನ್ನುವ ಸಾಲು ನೋಡಿ, ಅದು ಕೆಂಪು ಕಣದ ಗಾತ್ರ. ನೀರು ಬೆರೆತರೆ ಕಣ ಚಿಕ್ಕದಾಗುವುದಿಲ್ಲ, ಕಬ್ಬಿಣ ಸಾಲದೆ ಹೋದರೆ ಆಗುತ್ತದೆ. 80ಕ್ಕಿಂತ ಕೆಳಗಿದ್ದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ) ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮೇಲಿದ್ದರೂ ಮಾತ್ರೆ ನಿಲ್ಲಿಸಬೇಡಿ.

ಅಂದ ಹಾಗೆ, ಮಾತ್ರೆ ಯಾವುದರ ಜೊತೆ ನುಂಗುತ್ತೀರಿ? ನಮ್ಮ ಕೊಡಗಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ತಿಂಡಿ ಮುಗಿದ ಕೂಡಲೇ ಬೆಲ್ಲದ ಕಾಫಿ, ಅದರ ಗುಟುಕಿನಲ್ಲೇ ಮಾತ್ರೆ, ಅಲ್ವಾ? ಕಾಫಿ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಡುವೆ ಒಂದೆರಡು ಗಂಟೆ ಇರಲಿ. ಕಿತ್ತಳೆ ಹಣ್ಣಿನ ಜೊತೆ ತಗೊಂಡರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಇನ್ನು ಆ ದಪ್ಪಕ್ಷರಗಳು, ಅಂದರೆ ನಾರ್ಮಲ್ ಗೆರೆ ದಾಟಿದವು ಅಂತ ಲ್ಯಾಬಿನವರು ಗುರುತು ಹಾಕಿದ ಅಂಕಿಗಳು. ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿಗಳು ಹೆಚ್ಚಿನ ಲ್ಯಾಬುಗಳಲ್ಲಿ ಬಸುರಿಯರಲ್ಲದವರವು. ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಇಳಿಯುವುದು, ಬಿಳಿ ಕಣ ಮತ್ತು ಕೊಲೆಸ್ಟ್ರಾಲ್ ಏರುವುದು ಬಸಿರಲ್ಲಿ ಮಾಮೂಲಿ. ಕೊನೆಯ ತಿಂಗಳುಗಳಲ್ಲಿ ಲಿವರ್ ಪರೀಕ್ಷೆಯಲ್ಲಿ ನೋಡುವ ಕಿಣ್ವ ಎಎಲ್‌ಪಿ ಎರಡು ಪಟ್ಟು ಬರಬಹುದು, ಮಾಸೂ ಅದನ್ನು ತಯಾರಿಸುತ್ತದೆ, ಲಿವರ್ ಕೆಟ್ಟಿತು ಅಂತಲ್ಲ. ಉಲ್ಟಾ ಮೋಸವೂ ಇದೆ. ಕಿಡ್ನಿ ಈಗ ಜಾಸ್ತಿ ಸೋಸುವುದರಿಂದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ಸುಮಾರು 0.4ರಿಂದ 0.8ರೊಳಗೆ ಇರಬೇಕು. 1.0 ಬಂದರೆ ಅಲ್ಲಿ ದಪ್ಪಕ್ಷರ ಇಲ್ಲದಿರಬಹುದು, ಆದರೂ ಡಾಕ್ಟರಿಗೆ ತೋರಿಸಬೇಕು. ಸುಸ್ತು, ಎದೆ ಡವಡವ, ಏದುಸಿರು ಇದ್ದರಂತೂ ಅಂಕಿ ನೋಡುತ್ತಾ ಕೂರಬೇಡಿ.

ನಿಮಗೆ ಸಕ್ಕರೆ ಪರೀಕ್ಷೆಗೂ ಇದೇ ಹೊತ್ತು, 24ರಿಂದ 28ನೇ ವಾರ. ಮಗುವಿಗೆ ಸಕ್ಕರೆ ಉಳಿಯಲಿ ಅಂತ ಮಾಸುವಿನ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ, ಹಾಗಾಗಿ ಊಟದ ನಂತರದ ಅಂಕಿ ಏರುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ, 140ರ ಒಳಗಿರಬೇಕು. ಈ ಮಳೆಯಲ್ಲಿ ಅಷ್ಟು ಹೊತ್ತು ಬೆಂಚಿನ ಮೇಲೆ ಕೂರಬೇಕಲ್ಲ, ಸ್ವೆಟರ್ ಹಾಕಿಕೊಂಡು ಹೋಗಿ.