ಪಿನ್ ಕೂತ ಮಾತ್ರಕ್ಕೆ ಚಾನೆಲ್ ಬರುವುದಿಲ್ಲ

ಕಂಪ್ಯೂಟರಿನಲ್ಲಿ ಟಿವಿ ನೋಡಲು, ರೆಕಾರ್ಡ್ ಮಾಡಲು ಹಾಕುವ ಟಿವಿ ಟ್ಯೂನರ್ ಕಾರ್ಡ್ ವಿಷಯದಲ್ಲಿ ಜನ ನನ್ನ ಹತ್ತಿರ ಬರುವುದು ದುಡ್ಡು ಕೊಟ್ಟ ಮೇಲೆ. ಕಾರ್ಡ್ ಕೂರಿಸಿರುತ್ತಾರೆ, ಡ್ರೈವರ್ ಹಾಕಿರುತ್ತಾರೆ, ಸ್ಕ್ಯಾನ್ ಕೊಟ್ಟಿರುತ್ತಾರೆ. ಒಂದು ಚಾನೆಲ್ಲೂ ಬಂದಿರುವುದಿಲ್ಲ. "ಕಾರ್ಡ್ ಕೆಟ್ಟಿದೆ, ನೋಡಿ" ಎನ್ನುತ್ತಾರೆ. ಹೆಚ್ಚಿನ ಸಲ ಕಾರ್ಡ್ ಚೆನ್ನಾಗಿಯೇ ಇರುತ್ತದೆ. ಆ ಮನೆಗೆ ಬರುವ ಸಿಗ್ನಲ್ ಒಂದು, ಕಾರ್ಡಿಗೆ ತಿಳಿಯುವ ಸಿಗ್ನಲ್ ಇನ್ನೊಂದು.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಛಾವಣಿಯ ಆಂಟೆನಾ, ಡಿಶ್, ಕೇಬಲ್ ಟಿವಿ, ಮೂರೂ ಬರುವುದು ಅದೇ ಗುಂಡನೆಯ ಕೋಆಕ್ಸಿಯಲ್ ವೈರಿನಲ್ಲಿ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಒಳಗೆ ಸಿಗ್ನಲ್ ಕಳಿಸುವ ಪದ್ಧತಿ ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ಹೆಸರು: ಡಿಜಿಟಲ್ ಆಂಟೆನಾದ್ದು ಡಿವಿಬಿ-ಟಿ ಅಥವಾ ಟಿ2, ಡಿಶ್‌ದು ಡಿವಿಬಿ-ಎಸ್ ಅಥವಾ ಎಸ್2, ಕೇಬಲ್‌ನದು ಡಿವಿಬಿ-ಸಿ. ಅಮೆರಿಕದಲ್ಲಿ ಆಂಟೆನಾಗೆ ಎಟಿಎಸ್‌ಸಿ, ಜಪಾನಿನಲ್ಲಿ ಐಎಸ್‌ಡಿಬಿ-ಟಿ. ಒಂದಕ್ಕೆ ಮಾಡಿದ ಕಾರ್ಡ್ ಇನ್ನೊಂದನ್ನು ಹಿಡಿಯುವುದಿಲ್ಲ. ಡಿಶ್ ವೈರಿನಲ್ಲಿ ಸಿಗ್ನಲ್ ಇರುವುದು ಸುಮಾರು 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ. ಜೊತೆಗೆ ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಕಾರ್ಡೇ 13 ಅಥವಾ 18 ವೋಲ್ಟ್ ಕೊಡಬೇಕು. ಆಂಟೆನಾ ಕಾರ್ಡಿಗೆ ಆ ಕೆಲಸವೇ ಗೊತ್ತಿಲ್ಲ. ಡಿವಿಬಿ-ಟಿ ಮಾತ್ರ ಇರುವ ಕಾರ್ಡಿಗೆ ಟಿ2 ಬರುವುದಿಲ್ಲ. ಟಿ2 ಕಾರ್ಡ್ ಮಾತ್ರ ಸಾಮಾನ್ಯವಾಗಿ ಹಳೆಯ ಟಿಯನ್ನೂ ಹಿಡಿಯುತ್ತದೆ. ಪೊಟ್ಟಣದ ಮೇಲೆ ದೊಡ್ಡದಾಗಿ "ಡಿಜಿಟಲ್" ಎಂದಿದ್ದರೆ ಸಾಕಾಗುವುದಿಲ್ಲ. ಯಾವ ಡಿಜಿಟಲ್ ಅಂತ ಸಣ್ಣ ಅಕ್ಷರದಲ್ಲಿ ಓದಿ.

ತೀರಾ ಅಗ್ಗಕ್ಕೆ ಸಿಗುವ ಹಳೆಯ ಕಾರ್ಡುಗಳು ಬಹುಪಾಲು ಅನಲಾಗ್, ಅಂದರೆ ಡಿಜಿಟಲ್‌ಗಿಂತ ಹಿಂದಿನ ಪ್ರಸಾರಕ್ಕೆ ಮಾಡಿದವು. ನೆದರ್ಲೆಂಡ್ಸ್ 2006ರಲ್ಲೇ ಆಂಟೆನಾದ ಅನಲಾಗ್ ಪ್ರಸಾರ ನಿಲ್ಲಿಸಿತು. ಬ್ರಿಟನ್ 2012ರಲ್ಲಿ ಮುಗಿಸಿತು. ಪ್ರಸಾರವೇ ನಿಂತ ಕಡೆ ಆ ಟ್ಯೂನರ್ ಏನು ಹುಡುಕಬೇಕು?

ಇನ್ನು ಸೆಟ್‌ಟಾಪ್ ಬಾಕ್ಸ್ ಇರುವ ಮನೆಗಳು. ನಿವೃತ್ತ ಮೇಷ್ಟ್ರೊಬ್ಬರು ನನ್ನ ಹತ್ತಿರ ಬಂದಿದ್ದರು. ಹೆಂಡತಿಗೆ ಇಷ್ಟವಾದ ಸಂಗೀತ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಇಡಬೇಕು ಅಂತ ಆಸೆ. ಡಿಶ್ ಇದೆ ಎಂದು ಸರಿಯಾಗಿಯೇ ಡಿವಿಬಿ-ಎಸ್2 ಕಾರ್ಡ್ ತಂದಿದ್ದರು. ಚಾನೆಲ್‌ಗಳ ಹೆಸರೂ ಬಂದಿದ್ದವು, ಚಿತ್ರ ಮಾತ್ರ ಇಲ್ಲ. ಮೂರು ಸಂಜೆ ಕೂತು ಸ್ಕ್ಯಾನ್ ಮಾಡಿದ್ದರಂತೆ. "ಹೆಸರು ಬಂದ ಮೇಲೆ ಚಿತ್ರ ಯಾಕೆ ಬರಬಾರದು ಸರ್?" ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಹಣ ಕಟ್ಟಿ ನೋಡುವ ಚಾನೆಲ್‌ಗೆ ಬೀಗ ಹಾಕಿರುತ್ತಾರೆ. ಬೀಗದ ಕೈ ಇರುವುದು ಬಾಕ್ಸಿನಲ್ಲಿ, ಅದರ ಸ್ಮಾರ್ಟ್ ಕಾರ್ಡಿನಲ್ಲಿ. ಟ್ಯೂನರ್ ಕಾರ್ಡಿಗೆ ಹೆಸರಿನ ಪಟ್ಟಿ ಸಿಗುತ್ತದೆ, ಬೀಗ ತೆಗೆಯಲು ಬರುವುದಿಲ್ಲ. ಅವರಿಗೆ ಬೇಕಿದ್ದದ್ದು ಟ್ಯೂನರೇ ಅಲ್ಲ. ಬಾಕ್ಸಿನ ಹಿಂದಿನ ಹಳದಿ, ಕೆಂಪು, ಬಿಳಿ ಪಿನ್ನುಗಳನ್ನು ತೆಗೆದುಕೊಳ್ಳುವ ಒಂದು ಸಣ್ಣ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಾಕಿತ್ತು. ಆ ದಾರಿಯಲ್ಲಿ ಚಾನೆಲ್ ಬದಲಿಸುವುದು ಬಾಕ್ಸಿನ ರಿಮೋಟಿನಲ್ಲೇ. ರೆಕಾರ್ಡಿಂಗ್‌ಗೆ ಟೈಮರ್ ಇಟ್ಟರೆ ಬಾಕ್ಸನ್ನೂ ಅದೇ ಚಾನೆಲ್ಲಿಗೆ ಇಟ್ಟು ಮಲಗಬೇಕು. ಚಿತ್ರ ಎಚ್‌ಡಿ ಇರುವುದಿಲ್ಲ. ಮೇಷ್ಟ್ರಿಗೆ ಅದೇನೂ ಬೇಸರವಾಗಲಿಲ್ಲ. ಹಾಡು ಕೇಳಿದರೆ ಸಾಕು ಎಂದರು.

ರೆಕಾರ್ಡ್ ಮಾಡುವವರಿಗೆ ಇನ್ನೊಂದು ಮಾತು. ಡಿಜಿಟಲ್ ಟ್ಯೂನರಿಗೆ ಚಿತ್ರ ಕುಗ್ಗಿಸಿದ ರೂಪದಲ್ಲೇ ಸಿಗುತ್ತದೆ, ಹಾಗೇ ಡಿಸ್ಕಿಗೆ ಬರೆದರೆ ಮುಗಿಯಿತು. ಅನಲಾಗ್ ಹಾಗಲ್ಲ. ಕುಗ್ಗಿಸದೆ ಬಿಟ್ಟರೆ ಸೆಕೆಂಡಿಗೆ ಸುಮಾರು 20 ಎಂಬಿ ತಿನ್ನುತ್ತದೆ. ಆ ಕುಗ್ಗಿಸುವ ಕೆಲಸಕ್ಕೆ ಕಾರ್ಡಿನಲ್ಲೇ ಎಂಪೆಗ್-2 ಎನ್‌ಕೋಡರ್ ಚಿಪ್ ಇಲ್ಲದಿದ್ದರೆ ಭಾರವೆಲ್ಲ ನಿಮ್ಮ ಪ್ರೊಸೆಸರ್ ಮೇಲೆ. ಹಳೆಯ ಕಂಪ್ಯೂಟರಾದರೆ ಚಿತ್ರ ತಡವರಿಸಬಹುದು.

ಕಾರ್ಡ್ ಕೂರಿಸುವ ಸ್ಲಾಟ್ ನೋಡಿಕೊಳ್ಳಿ, ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಎಂಬ ಹಳೆಯ ಸ್ಲಾಟ್ ಸಿಗುವುದು ಅಪರೂಪ. ಬಳಸಿದ ಕಾರ್ಡ್ ಕೊಳ್ಳುವುದಾದರೆ ನಿಮ್ಮ ವಿಂಡೋಸ್‌ಗೆ ಡ್ರೈವರ್ ಇದೆಯಾ ಅಂತ ಮೊದಲೇ ಹುಡುಕಿ, 64 ಬಿಟ್‌ಗೆ ಬೇರೆಯೇ ಬೇಕು. ಡ್ರೈವರ್ ಸಿಗದಿದ್ದರೆ ಕಾರ್ಡಿನ ಮೇಲಿನ ಚಿಪ್ಪಿನ ಹೆಸರು ಓದಿ. ಹಳೆಯ ಬಿಟಿ878 ಚಿಪ್ಪಿನ ಅನಲಾಗ್ ಕಾರ್ಡುಗಳನ್ನು ಲಿನಕ್ಸ್‌ನ ಬಿಟಿಟಿವಿ ಡ್ರೈವರ್ ನಡೆಸುತ್ತದೆ. ಅವುಗಳ ಹಿಂದೆ ವಿಡಿಯೋ ಪಿನ್ ಇದ್ದರೆ ಸೆಟ್‌ಟಾಪ್ ಬಾಕ್ಸಿಗೆ ಸೇರಿಸಬಹುದು. ಧ್ವನಿಗೆ ಮಾತ್ರ ಬೇರೆ ವೈರನ್ನು ಸೌಂಡ್ ಕಾರ್ಡಿಗೆ ಎಳೆಯಬೇಕಾಗಬಹುದು.