ಮಳೆಗಾಲದ ರೈಲೇ: ಮೊದಲು ನಿಮ್ಮ ಗ್ರೇಡ್ ನೋಡಿ, ಆಮೇಲೆ ಟಿಕೆಟ್

ಥಾಯ್ಲೆಂಡಿನ ಕ್ರಾಬಿ ಬಳಿಯ ರೈಲೇ ಮತ್ತು ಟೊನ್ಸಾಯ್ ತೀರಗಳಲ್ಲಿ ಬಂಡೆ ಹತ್ತುವ (ಕ್ಲೈಂಬಿಂಗ್) ಸೀಸನ್ ನವೆಂಬರಿನಿಂದ ಏಪ್ರಿಲ್‌ವರೆಗೆ. ಉಳಿದ ತಿಂಗಳುಗಳಲ್ಲಿ ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮುಂಗಾರೇ ಅಲ್ಲೂ ಸುರಿಯುತ್ತದೆ. ಆಗ ಕೋಣೆ ಅಗ್ಗ, ಬಂಡೆಯ ಬುಡದಲ್ಲಿ ಸರದಿ ಕಾಯಬೇಕಿಲ್ಲ. ನೆನೆದ ಮರಳುಗಲ್ಲಿನ ಹಿಡಿಗಳು ಮುರಿಯುತ್ತವೆಂದು ಮಳೆಗಾಲದಲ್ಲಿ ಬಾದಾಮಿ ಬಿಡುವ ನಮ್ಮವರು ಅತ್ತ ನೋಡುವುದು ಸಹಜ. ‘ಅಲ್ಲಿನ ಗೋಡೆಗಳು ಮುಂದಕ್ಕೆ ಬಾಗಿವೆ, ಮಳೆ ತಾಗುವುದೇ ಇಲ್ಲ’ ಎಂಬ ಮಾತೂ ಕಿವಿಗೆ ಬಿದ್ದಿರುತ್ತದೆ.

ಆ ಮಾತು ಅರ್ಧ ನಿಜ. ಮಳೆ ತಾಗದಷ್ಟು ಬಾಗಿದ ಗೋಡೆ ಕಷ್ಟದ ಗೋಡೆಯೂ ಹೌದು. ಟೊನ್ಸಾಯ್ ಬೀಚ್ ಮತ್ತು ಟೊನ್ಸಾಯ್ ರೂಫ್ ಗೋಡೆಗಳ ಮಾರ್ಗಗಳಲ್ಲಿ ಬಹುಪಾಲು ಫ್ರೆಂಚ್ ಗ್ರೇಡಿನಲ್ಲಿ (ಮಾರ್ಗದ ಕಷ್ಟ ಅಳೆಯುವ ಶ್ರೇಣಿ, ಅಂಕಿ ದೊಡ್ಡದಾದಷ್ಟೂ ಕಷ್ಟ ಹೆಚ್ಚು) 7ಎ ಅಥವಾ ಅದಕ್ಕೂ ಮೇಲಿನವು. 5, 6ಎ ಹತ್ತುವವರಿಗೆ ಒಗ್ಗುವ ಮಾರ್ಗಗಳು ಹೆಚ್ಚಾಗಿರುವುದು ರೈಲೇ ಪೂರ್ವದ 1-2-3 ವಾಲ್‌ನಂಥ ಕಡೆ. ಅಲ್ಲಿ ಬಾಗು ಕಡಿಮೆ, ಆದ್ದರಿಂದ ಬಲವಾದ ಮಳೆ ಬಂದರೆ ನೆನೆಯುವುದೂ ಬೇಗ. 7ಎ ಆರಾಮಾಗಿ ಹತ್ತುವವರಿಗೆ ಮಳೆಗಾಲದಲ್ಲೂ ಕೆಲಸವಿದೆ. 6ಎ ಹಂತದವರು ಅರ್ಧ ದಿನಗಳನ್ನು ಮಳೆಗೆ ಬಿಟ್ಟುಕೊಟ್ಟೇ ಲೆಕ್ಕ ಹಾಕಬೇಕು. ಒಂದು ವಾರ ಮಾತ್ರ ರಜೆಯಿದ್ದರೆ ಹೋಗದಿರುವುದೇ ಲೇಸು.

ಮಳೆಗಿಂತ ಹೆಚ್ಚು ಕಾಡುವುದು ಜಿನುಗುನೀರು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಗೋಡೆಯ ಮುಖಕ್ಕೆ ಬರಲು ಕೆಲವೊಮ್ಮೆ ದಿನಗಳೇ ಬೇಕು. ಹಾಗಾಗಿ ಹೊರಗೆ ಬಿಸಿಲು ಸುಡುತ್ತಿರುವಾಗಲೇ ಹಿಡಿಗಳಿಂದ ನೀರು ತೊಟ್ಟಿಕ್ಕುವುದುಂಟು. ಇಲ್ಲಿಯ ಪ್ರಸಿದ್ಧ ಟೂಫಾಗಳು, ಅಂದರೆ ಗೋಡೆಯಿಂದ ಉಬ್ಬಿ ಬಂದ ಸುಣ್ಣದ ಕಂಬದಂಥ ಏಣುಗಳು, ಹುಟ್ಟಿದ್ದೇ ಇಂಥ ನೀರಿನಿಂದ. ಮೊದಲು ಒದ್ದೆಯಾಗುವುದೂ ಅವೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಅತಿ ಹೆಚ್ಚು, ಅದುವರೆಗೆ ಬಿದ್ದ ನೀರೂ ಬಂಡೆಯೊಳಗೆ ತುಂಬಿರುತ್ತದೆ. ಸೀಸನ್ ಬಿಟ್ಟು ಹೋಗಲೇಬೇಕಿದ್ದರೆ ಮೇ ಅಥವಾ ಜೂನ್ ಆರಿಸಿ. ನವೆಂಬರ್ ಮೊದಲ ವಾರದಲ್ಲೂ ಟೂಫಾ ಮಾರ್ಗಗಳು ಒಣಗಿರುತ್ತವೆಂದು ನಂಬಿಕೊಳ್ಳಬೇಡಿ.

ರೈಲೇಗೆ ರಸ್ತೆಯಿಲ್ಲ, ದೋಣಿಯೇ ಗತಿ. ನೈಋತ್ಯದ ಅಲೆಗಳು ನೇರ ಹೊಡೆಯುವುದು ಪಶ್ಚಿಮದ ತೀರಗಳಿಗೆ. ಆವೊ ನಾಂಗ್‌ನಿಂದ ಲಾಂಗ್‌ಟೇಲ್ ದೋಣಿ ಹೊರಡದಂಥ ದಿನ ಆವೊ ನಾಮ್ ಮಾವೊ ಕಟ್ಟೆಗೆ ಹೋಗಿ. ಅಲ್ಲಿಂದ ಹೋಗುವ ದೋಣಿ ರೈಲೇ ಪೂರ್ವಕ್ಕೆ ಮುಟ್ಟುತ್ತದೆ, ಆ ಕಡೆ ಸಮುದ್ರ ಶಾಂತ. ನಿಗದಿತ ಸಂಖ್ಯೆಯ ಜನ ಸೇರದೆ ದೋಣಿ ಬಿಡುವುದಿಲ್ಲ. ಸೀಸನ್ ಇಲ್ಲದಾಗ ಜನ ಸೇರಲು ಹೊತ್ತಾಗುತ್ತದೆ, ಇಲ್ಲವೇ ಖಾಲಿ ಸೀಟುಗಳ ಹಣವನ್ನೂ ನೀವೇ ಕೊಡಬೇಕಾಗುತ್ತದೆ. ವಾಪಸಾಗುವ ವಿಮಾನದ ಹಿಂದಿನ ರಾತ್ರಿ ಕ್ರಾಬಿ ಪಟ್ಟಣದಲ್ಲೇ ಉಳಿಯಿರಿ. ರೈಲೇ ಪಶ್ಚಿಮದಿಂದ ಟೊನ್ಸಾಯ್‌ಗೆ ಬಂಡೆಗಳ ಮೇಲಿನ ದಾರಿ ಇಳಿತದಲ್ಲಿ ಮಾತ್ರ ತೆರೆದಿರುತ್ತದೆ. ಭರತದ ವೇಳಾಪಟ್ಟಿ ಫೋನಿನಲ್ಲಿರಲಿ. ಕಾಡುದಾರಿಯೊಂದಿದೆ, ಮಳೆ ಬಿದ್ದ ಮೇಲೆ ಅದರ ಕೆಸರು ಜಾರುತ್ತದೆ.

ಹಗ್ಗ ಸಿಕ್ಕಿಸಲು ಬಂಡೆಗೆ ಕೂರಿಸಿದ ಬೋಲ್ಟ್‌ಗಳ ವಿಷಯ ವರ್ಷವಿಡೀ ಒಂದೇ, ಆದರೆ ಕೇಳಿ ತಿಳಿಯಲು ಪಕ್ಕದಲ್ಲಿ ಯಾರೂ ಇಲ್ಲದ ತಿಂಗಳುಗಳಲ್ಲಿ ಅದು ತೂಕದ ವಿಷಯ. ಕಡಲ ಉಪ್ಪಿನ ಕ್ಲೋರೈಡ್ ತಗುಲಿದ ಸ್ಟೇನ್‌ಲೆಸ್ ಸ್ಟೀಲ್ ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ತುಕ್ಕು ಹೆಚ್ಚು ಕಾಣದಿದ್ದರೂ ಸಣ್ಣ ಭಾರಕ್ಕೇ ಮುರಿದ ಉದಾಹರಣೆಗಳಿವೆ. ಇದಕ್ಕೆಂದೇ ಇಲ್ಲಿ ಅಂಟು ಹಾಕಿ ಕೂರಿಸಿದ ಟೈಟೇನಿಯಂ ಬೋಲ್ಟ್ ಬಳಸುತ್ತಾರೆ: ಮಂಕು ಬೂದು ಬಣ್ಣದ ಬಾಗಿದ ಸರಳು, ನಟ್ ಇಲ್ಲ, ಕೊಕ್ಕೆ ಸಿಕ್ಕಿಸುವ ತಗಡಿನ ಹ್ಯಾಂಗರ್ ಇಲ್ಲ. ನಟ್ ಮತ್ತು ಹ್ಯಾಂಗರ್ ಕಂಡರೆ ಆ ಮಾರ್ಗ ಬಿಟ್ಟುಬಿಡಿ. ಟೂಫಾ ತೂತುಗಳಲ್ಲಿ ಕಟ್ಟಿರುವ ಹಳೆಯ ಸ್ಲಿಂಗ್‌ಗಳನ್ನು (ಪಟ್ಟಿಯ ಕುಣಿಕೆಗಳನ್ನು) ಬಿಸಿಲು ತಿಂದಿರುತ್ತದೆ, ಅವನ್ನು ನಂಬಿ ತೂಗಬೇಡಿ. ಹೊಸ ಸ್ಲಿಂಗ್ ನಾಲ್ಕೈದು ಒಯ್ಯಿರಿ.

ಹಗ್ಗ 70 ಮೀಟರಿನದು, ತುದಿಗೆ ಗಂಟು ತಪ್ಪದೆ. ನೀರು ಹೀರಿದ ನೈಲಾನ್ ಹಗ್ಗ ಬೀಳುವವರ ಭಾರ ತಡೆಯುವ ಶಕ್ತಿಯನ್ನು ಸಾಕಷ್ಟು ಕಳೆದುಕೊಳ್ಳುತ್ತದೆ. ನೀರು ಹೀರದಂತೆ ಲೇಪಿಸಿದ (ಡ್ರೈ ಟ್ರೀಟ್‌ಮೆಂಟ್) ಹಗ್ಗವನ್ನೇ ಕೊಳ್ಳಿ, ನೆನೆದರೆ ಆ ದಿನ ಲೀಡ್ ಮಾಡುವುದು, ಅಂದರೆ ಹಗ್ಗವನ್ನು ಬೋಲ್ಟ್‌ಗಳಿಗೆ ಸಿಕ್ಕಿಸುತ್ತ ಮೊದಲಿಗರಾಗಿ ಹತ್ತುವುದು, ಬೇಡ. ಹಗ್ಗವನ್ನು ಬೋಲ್ಟ್‌ಗೆ ಸಿಕ್ಕಿಸುವ ಜೋಡಿ ಕೊಕ್ಕೆಗಳು, ಅಂದರೆ ಕ್ವಿಕ್‌ಡ್ರಾ, 16 ಇರಲಿ. ಕೈ ಜಾರದಂತೆ ಹಚ್ಚುವ ಪುಡಿ ಚಾಕ್ ಬೆವರಿಗೆ ನಿಲ್ಲದು, ಮೊದಲು ದ್ರವ ಚಾಕ್ ಹಚ್ಚಿ ಅದರ ಮೇಲೆ ಪುಡಿ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗಳಲ್ಲಿ ಬೆಳಿಗ್ಗೆಯೇ ಹತ್ತಿ ಮುಗಿಸಿದರೆ ಚರ್ಮಕ್ಕೂ ಒಳ್ಳೆಯದು. ಗುಡುಗಿನ ಸೂಚನೆಯಿದ್ದರೆ ಹಲವು ಹಗ್ಗದುದ್ದದ ಎತ್ತರದ ಮಾರ್ಗಗಳ ಯೋಚನೆ ಬೇಡ. ತಿಂಡಿ ತೆರೆದ ಚೀಲದಲ್ಲಿ ಬಿಟ್ಟರೆ ಮಂಗಗಳ ಪಾಲು.

ವಿಮೆ ಕೊಳ್ಳುವಾಗ ‘ಅಡ್ವೆಂಚರ್ ಸ್ಪೋರ್ಟ್ಸ್’ ಎಂಬ ಶೀರ್ಷಿಕೆ ನೋಡಿ ಸಮಾಧಾನಪಡಬೇಡಿ. ಹಗ್ಗ ಬಳಸಿ ಬಂಡೆ ಹತ್ತುವುದನ್ನು ಹೊರಗಿಟ್ಟಿರುವ ಪಾಲಿಸಿಗಳಿವೆ, ಷರತ್ತುಗಳ ಪುಟ ಓದಿ. ಕಾಲು ಮುರಿದರೆ ಆಸ್ಪತ್ರೆಗೆ ಸಾಗಿಸುವುದೂ ಇದೇ ದೋಣಿಯಲ್ಲಿ. ಸ್ಪ್ಲಿಂಟ್, ಎಲಾಸ್ಟಿಕ್ ಬ್ಯಾಂಡೇಜ್, ನೋವಿನ ಮಾತ್ರೆ ಚೀಲದಲ್ಲಿರಲಿ. ಡೆಂಗಿ ಇರುವ ಸೀಮೆಯಾದ್ದರಿಂದ ಜ್ವರ ಬಂದರೆ ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ವೈದ್ಯರನ್ನು ನೋಡಿ. ಸೊಳ್ಳೆ ಮುಲಾಮು ಹಗಲಲ್ಲೂ ಹಚ್ಚಬೇಕು, ಆದರೆ ಕೈ ತೊಳೆಯದೆ ಹಗ್ಗ ಮುಟ್ಟಬೇಡಿ. ಸಂಜೆ ಕ್ಯಾರಬೈನರ್‌ಗಳನ್ನು (ಲೋಹದ ಕೊಕ್ಕೆಗಳನ್ನು) ಸಿಹಿನೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ; ಉಪ್ಪು ಹಾಗೇ ಉಳಿದರೆ ಅವುಗಳ ಬಾಯಿ ತೆರೆಯುವ ಗೇಟ್ ಬಿಗಿಯುತ್ತದೆ.