ಕಪ್ಪು ಯಾಕೆ ಬೂದಾಗಿ ಕಾಣುತ್ತದೆ?

ಪ್ರಶ್ನೆ: ಹಳೇ ಪ್ಯಾಕ್‌ಮ್ಯಾನ್ ಆರ್ಕೇಡ್ ಮಷಿನ್ ಇದೆ. ಕಪ್ಪು ಇರಬೇಕಾದ ಕಡೆಯೆಲ್ಲ ಬೂದು. ಮೇಲಿಂದ ಕೆಳಕ್ಕೆ ತೆಳ್ಳನೆಯ ಬಿಳಿ ಓರೆ ಗೆರೆಗಳು ಬೇರೆ. ಬ್ರೈಟ್‌ನೆಸ್ ಇಳಿಸಿದರೂ ಸರಿಹೋಗುತ್ತಿಲ್ಲ. ಯಾವ ನಾಬ್ ತಿರುಗಿಸಬೇಕು?

ಉತ್ತರ: ಮೊದಲು ಸ್ಕ್ರೀನ್ ನಾಬ್. ಬ್ರೈಟ್‌ನೆಸ್ ಆಮೇಲೆ.

ಪಿಕ್ಚರ್ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ ಚಿತ್ರ ಬಿಡಿಸಿ ಮುಗಿಸಿದ ಮೇಲೆ ಶುರುವಿನ ಜಾಗಕ್ಕೆ ವಾಪಸ್ ಹೋಗುತ್ತದೆ. ಆ ದಾರಿ ಕಣ್ಣಿಗೆ ಕಾಣಬಾರದು. ಸ್ಕ್ರೀನ್ ನಾಬ್ ಹಿಡಿತದಲ್ಲಿರುವ ವೋಲ್ಟೇಜ್ ಜಾಸ್ತಿಯಾದರೆ ಅದೂ ಬೆಳಗುತ್ತದೆ, ನೀವು ನೋಡುತ್ತಿರುವ ಗೆರೆ ಅದೇ. ಟಿವಿಯಲ್ಲಾದರೆ ಅಡ್ಡಡ್ಡ ಇರುತ್ತಿತ್ತು. 1980ರ ಈ ಆಟದಲ್ಲಿ ಪಿಕ್ಚರ್ ಟ್ಯೂಬನ್ನೇ ಪಕ್ಕಕ್ಕೆ ಮಲಗಿಸಿ ಕೂರಿಸಿದ್ದಾರೆ, ಹಾಗಾಗಿ ಉದ್ದಕ್ಕೆ ಕಾಣುತ್ತದೆ. ಇದೇ ಕಾರಣಕ್ಕೆ ಎತ್ತರ ಬದಲಿಸುವ ವರ್ಟಿಕಲ್ ಸೈಜ್ ನಾಬ್ ತಿರುಗಿಸಿದರೆ ಚಿತ್ರ ಎಡಕ್ಕೆ ಬಲಕ್ಕೆ ಹಿಗ್ಗುತ್ತದೆ. ಗಾಬರಿಯಾಗಬೇಡಿ.

ಕೈ ಹಾಕುವ ಮುಂಚೆ ಒಂದು ಮಾತು. ಟ್ಯೂಬಿನ ಆನೋಡ್ ಕ್ಯಾಪ್‌ನಲ್ಲಿ (ದಪ್ಪ ವೈರ್ ಬಂದು ಸೇರುವ ರಬ್ಬರ್ ಮುಚ್ಚಳ) ಸುಮಾರು 20 ಸಾವಿರ ವೋಲ್ಟ್ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರಬಹುದು. ಒಂದು ಕೈ ಹಿಂದಕ್ಕೆ ಕಟ್ಟಿಕೊಳ್ಳಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸ್ಕ್ರೂಡ್ರೈವರ್. ಅಮೆರಿಕದಿಂದ ಬಂದ ಮಷಿನ್ ಆದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ನೇರ ಸಿಕ್ಕಿಸಬೇಡಿ. ಮಾನಿಟರಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಕರೆಂಟ್ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್) ಬೇಕೇ ಬೇಕು. ಇದೆಲ್ಲ ಹೊಸದು ಅನ್ನಿಸಿದರೆ ಹಳೇ ಟಿವಿ ರಿಪೇರಿಯವರನ್ನು ಕರೆಯಿರಿ, ಅವರಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು.

ಮಷಿನ್ 20 ನಿಮಿಷ ಓಡಲಿ, ತಣ್ಣಗಿರುವಾಗ ಮಾಡಿದ ಸೆಟ್ಟಿಂಗ್ ನಿಲ್ಲುವುದಿಲ್ಲ. ಕೋಣೆ ಕತ್ತಲೆ ಮಾಡಿ, ಹಿಂದೆ ನಿಂತೇ ಚಿತ್ರ ನೋಡೋಕೆ ಎದುರಿಗೆ ಕನ್ನಡಿ ಇಡಿ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ನಡುವೆ ನಿಲ್ಲಿಸಿ. ತುಂಬ ಮಾನಿಟರ್‌ಗಳಲ್ಲಿ ಎಲ್‌ಒಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಮೈಮೇಲೇ ಎರಡು ನಾಬ್ ಇರುತ್ತವೆ: ಫೋಕಸ್, ಸ್ಕ್ರೀನ್. ತಿರುಗಿಸಿದಾಗ ಅಕ್ಷರ ಮಸುಕಾದರೆ ಅದು ಫೋಕಸ್, ಇದ್ದಲ್ಲಿಗೇ ತನ್ನಿ. ಸ್ಕ್ರೀನ್ ನಾಬನ್ನು ನಿಧಾನಕ್ಕೆ ಇಳಿಸುತ್ತಾ ಬನ್ನಿ. ಮೊದಲು ಗೆರೆ ಹೋಗುತ್ತದೆ, ಆಮೇಲೆ ಬೂದು. ಬೂದು ಮಾಯವಾದ ಕೂಡಲೇ ನಿಲ್ಲಿಸಿ. ಇನ್ನೂ ಇಳಿಸಿದರೆ ಗೋಡೆಗಳ ನೀಲಿ ಸಾಯುತ್ತದೆ. ಉಳಿದ ಚೂರುಪಾರು ಬ್ರೈಟ್‌ನೆಸ್‌ನಲ್ಲಿ ಸರಿಮಾಡಿಕೊಳ್ಳಿ.

ಕಪ್ಪಿನಲ್ಲಿ ಕೆಂಪೋ ಹಸಿರೋ ಛಾಯೆ ಉಳಿದರೆ, ಟ್ಯೂಬಿನ ಕತ್ತಿನ (ಹಿಂದಿನ ಸಪೂರ ತುದಿಯ) ಬೋರ್ಡಿನಲ್ಲಿರುವ ಕಟಾಫ್ ಪಾಟ್‌ಗಳಲ್ಲಿ (ಕಪ್ಪನ್ನು ತಿದ್ದುವ ಪುಟ್ಟ ನಾಬ್‌ಗಳು) ಆ ಬಣ್ಣದ್ದನ್ನು ಮಾತ್ರ ಕೂದಲೆಳೆಯಷ್ಟು ತಿರುಗಿಸಿ. ಡ್ರೈವ್ ಪಾಟ್‌ಗಳು ಬಿಳಿಯನ್ನು ತಿದ್ದೋಕೆ, ಸುಮ್ನೆ ಮುಟ್ಟಬೇಡಿ. ಕತ್ತಿನ ಗಾಜು ತೀರಾ ತೆಳು, ಬೋರ್ಡನ್ನು ಒತ್ತಬೇಡಿ.

ಸ್ಕ್ರೀನ್ ಪೂರ್ತಿ ಇಳಿಸಿದರೂ ಗೆರೆ ಹೋಗದಿದ್ದರೆ ನಾಬಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಕತ್ತಿನ ಬೋರ್ಡಿಗೆ ಬರುವ ವೋಲ್ಟೇಜ್ ಕಡಿಮೆಯಾದರೂ ಚಿತ್ರ ಹೀಗೇ ಬೆಳ್ಳಗಾಗುತ್ತದೆ. ಆ ಲೈನಿನ ವೋಲ್ಟೇಜನ್ನು ಸಮವಾಗಿಡುವ ಫಿಲ್ಟರ್ ಕೆಪಾಸಿಟರ್ ಇಷ್ಟು ವರ್ಷಕ್ಕೆ ಒಣಗಿರುವ ಸಾಧ್ಯತೆ ಜಾಸ್ತಿ. ಮೊದಲು ಅದನ್ನು ಬದಲಿಸಿ ನೋಡಿ.